ಆಹಾರ ಮೇಳಕ್ಕೆ ಹೋಗುವ ಮುಂಚೆ ಇಷ್ಟು ಓದಿ

ಬಳ್ಳಾರಿಯವರೇ, ಊರಿಗೆ ಆಹಾರ ಮೇಳ ಬಂದಾಗ ಮೊದಲ ಸ್ಟಾಲ್‌ನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಹೋದ ಸಲ ನಾನು ಬರೀ ಮೊಮೊ ತಿಂದು ವಾಪಸ್ ಬಂದೆ, ಅದು ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲೂ ಸಿಗುತ್ತದೆ ಅಲ್ವಾ! ಈ ಸಲ ನಾಲ್ಕು ಜನ ಹೋಗಿ, ಒಂದೊಂದೇ ಪ್ಲೇಟ್ ತಗೊಂಡು ಹಂಚಿಕೊಂಡೆವು.

ಹೊಸಬರಿಗೆ ಫಲಾಫೆಲ್ ಒಳ್ಳೆಯದು. ಅರಬ್ ನಾಡಿನ ತಿಂಡಿ, ನೆನೆಸಿದ ಕಾಬೂಲಿ ಕಡಲೆ ರುಬ್ಬಿ ಸೊಪ್ಪು, ಬೆಳ್ಳುಳ್ಳಿ ಹಾಕಿ ಕರಿದಿದ್ದು, ನಮ್ಮ ಮಸಾಲೆ ವಡೆಯ ದಾಯಾದಿ ಅಂದುಕೊಳ್ಳಿ. ಜೊತೆಗೆ ಕೊಡುವ ಹಮ್ಮಸ್ ಅನ್ನುವ ಕಾಬೂಲಿ ಕಡಲೆ ಚಟ್ನಿಯಲ್ಲಿ ಎಳ್ಳಿನ ಪೇಸ್ಟ್ ಇರುತ್ತದೆ, ಎಳ್ಳು ಆಗದವರು ಮುಟ್ಟಬೇಡಿ. ಮೆಕ್ಸಿಕೋದ ಟಾಕೋ ರೊಟ್ಟಿ ಜೋಳದ್ದು ಅಂದರೆ ನಮ್ಮ ಬಿಳಿಜೋಳ ಅಲ್ಲ, ಮೆಕ್ಕೆಜೋಳ. ಅಲ್ಲಿ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬುವ ಪದ್ಧತಿ.

ಸಸ್ಯಾಹಾರಿಗಳೇ, ಕೊರಿಯಾದ ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿ ಥರ ಇರುತ್ತದೆ, ಆದರೆ ಅದಕ್ಕೆ ಮೀನಿನ ಸಾಸ್ ಅಥವಾ ಸಿಗಡಿ ಹಾಕುವುದೇ ಜಾಸ್ತಿ. ಸುಮ್ನೆ ‘ವೆಜ್ಜಾ’ ಅಂತ ಕೇಳಿದರೆ ಸಾಲದು, ಮೀನಿನ ಸಾಸ್ ಇದೆಯಾ ಅಂತಲೇ ಕೇಳಿ. ಥಾಯ್ ಪಪ್ಪಾಯಿ ಸಲಾಡ್‌ಗೂ ಇದೇ ಮಾತು. ಖಾರಕ್ಕೆ ಮಾತ್ರ ಹೆದರಬೇಡಿ, ಮಂಡಕ್ಕಿ ಜೊತೆ ಮಿರ್ಚಿ ಕಚ್ಚುವವರು ನಾವು! ಕರಿದಿದ್ದು ತಿನ್ನುವುದಾದರೆ ಸಂಜೆ ಬೇಗ ಹೋಗಿ, ರಾತ್ರಿ ಹೊತ್ತಿಗೆ ಎಣ್ಣೆ ಕಪ್ಪಾಗಿರುತ್ತದೆ.