ಮಂಡಿಪೇಟೆ ಗಲ್ಲಿ, ಬೆಂಗಳೂರಿನ ಟ್ಯಾಕ್ಸಿವೇ

ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಮಂಡಿಪೇಟೆಯಲ್ಲಿ ಅಣ್ಣನ ಅಂಗಡಿ ಮುಂದೆ ಎರಡು ಲಾರಿ ಮೂತಿಗೆ ಮೂತಿ ಕೊಟ್ಟು ನಿಂತಿವೆ. ಒಂದು ರಿವರ್ಸ್ ತೆಗೆಯಲೇಬೇಕು, ಅದರ ಹಿಂದೆ ಹತ್ತು ಗಾಡಿ. ಬೆಂಗಳೂರು ವಿಮಾನ ನಿಲ್ದಾಣದ ಟವರಿನಲ್ಲಿ, ನೆಲದ ಮೇಲಿನ ವಿಮಾನಗಳಿಗೆ ದಾರಿ ಹೇಳುವ ಗ್ರೌಂಡ್ ಕಂಟ್ರೋಲರ್ ಆಗಿ ಕೂತಾಗ ನನಗೆ ದಿನಾ ನೆನಪಾಗುವುದು ಈ ಗಲ್ಲಿಯೇ. ರನ್‌ವೇಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇಯಲ್ಲಿ ಜೆಟ್ ವಿಮಾನ ಹೀಗೆ ಸಿಕ್ಕಿಕೊಂಡರೆ ರಿವರ್ಸ್ ಅನ್ನುವ ಮಾತೇ ಇಲ್ಲ. ಟಗ್ ಅನ್ನುವ ಗಾಡಿ ಬಂದು ತಳ್ಳಬೇಕು.

ಹಾಗಾಗಿ ಮುಕ್ಕಾಲು ಕೆಲಸ ಪುಷ್‌ಬ್ಯಾಕ್‌ಗೆ, ಅಂದರೆ ವಿಮಾನವನ್ನು ಅದು ನಿಂತ ಸ್ಟ್ಯಾಂಡಿನಿಂದ ಹಿಂದಕ್ಕೆ ತಳ್ಳುವುದಕ್ಕೆ ಮೊದಲೇ ಮುಗಿದಿರಬೇಕು. ಪೈಲಟ್ ರೆಡಿ ಅಂದ ತಕ್ಷಣ ನಾನು ಹೂಂ ಅನ್ನುವುದಿಲ್ಲ. ಇಳಿದ ವಿಮಾನ ಯಾವ ದಾರಿಯಲ್ಲಿ ಬರುತ್ತಿದೆ, ಪಕ್ಕದ ಸ್ಟ್ಯಾಂಡಿನಿಂದ ಯಾರು ಹೊರಡುತ್ತಾರೆ, ಎಲ್ಲ ನೋಡುತ್ತೇನೆ. ರನ್‌ವೇ ಹತ್ತಿರ ಸಾಲಿನಲ್ಲಿ ನಿಂತು ಇಂಧನ ಸುಡುವುದಕ್ಕಿಂತ ಸ್ಟ್ಯಾಂಡಿನಲ್ಲೇ ಎಂಜಿನ್ ಆಫ್ ಮಾಡಿ ಕಾಯುವುದು ಮೇಲು ಅಲ್ವಾ? ಸಾಲಿಗೂ ಲೆಕ್ಕವಿದೆ. ಹಾರಿದ ಮೇಲೆ ಒಂದೇ ದಾರಿ ಹಿಡಿಯುವ ವಿಮಾನಗಳ ನಡುವೆ ಜಾಸ್ತಿ ಅಂತರ ಬೇಕು. ದೆಹಲಿಯದರ ಹಿಂದೆ ಚೆನ್ನೈಯದನ್ನು ಇಟ್ಟರೆ ಬೇಗ ಬಿಡಬಹುದು. ರನ್‌ವೇಗೆ ಮುಂಚೆ ನಿಲ್ಲುವ ಹೋಲ್ಡಿಂಗ್ ಪಾಯಿಂಟ್ ತನಕ ನನ್ನ ಮಾತು. ರನ್‌ವೇ ಮಾತ್ರ ಟವರ್ ಕಂಟ್ರೋಲರ್‌ದು.

ಒಂದು ಡಿಸೆಂಬರ್ ಬೆಳಗ್ಗೆ ಮಂಜು ಮುಸುಕಿತ್ತು. ಕಿಟಕಿಯಾಚೆ ಬರೀ ಬಿಳುಪು, ಸರ್ಫೇಸ್ ರೇಡಾರ್ ಪರದೆಯಲ್ಲಷ್ಟೇ ವಿಮಾನಗಳು. ಒಬ್ಬ ಪೈಲಟ್‌ಗೆ ದಾರಿ ಹೇಳಿ, ಕೊನೆಗೆ "ಹೋಲ್ಡ್ ಶಾರ್ಟ್" ಅಂದೆ. ರನ್‌ವೇ ಹೊರಗೇ ನಿಲ್ಲು ಅಂತ. ಆತ ದಾರಿಯನ್ನೆಲ್ಲ ಸರಿಯಾಗಿ ತಿರುಗಿ ಹೇಳಿದ. ಅಷ್ಟರಲ್ಲಿ ಇನ್ನೊಬ್ಬ ಕರೆದ. ಉತ್ತರಿಸಲು ಬಾಯಿ ತೆರೆದವನಿಗೆ ಕಿವಿಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸಿತು. ಆ ಎರಡು ಪದ ಬಂದಿರಲಿಲ್ಲ! ಎರಡನೆಯವನಿಗೆ "ಸ್ಟ್ಯಾಂಡ್‌ಬೈ" ಹೇಳಿ, ಮೊದಲನೆಯವನ ಬಾಯಿಂದ ಆ ಪದ ಹೇಳಿಸಿದ ಮೇಲೇ ಮುಂದಕ್ಕೆ ಹೋದೆ.

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರೀಫೆ ದ್ವೀಪದಲ್ಲಿ ಇಂಥದ್ದೇ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ರೇಡಿಯೋದಲ್ಲಿ ಇಬ್ಬರು ಒಂದೇ ಕ್ಷಣಕ್ಕೆ ಮಾತಾಡಿ, ಬೇಕಾದ ಮಾತೇ ಕಿರ್ರನೆಯ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಆ ಗೊಂದಲದ ಪಾಠವಾಗಿ ಈಗ ನಾವು "ಟೇಕ್ ಆಫ್" ಅನ್ನುವುದು ಹಾರಲು ಅನುಮತಿ ಕೊಡುವಾಗ ಅಥವಾ ವಾಪಸ್ ಪಡೆಯುವಾಗ ಮಾತ್ರ. ಉಳಿದ ಕಡೆಯೆಲ್ಲ "ಡಿಪಾರ್ಚರ್".

ಅಣ್ಣನ ಮಗಳು ಫಿಸಿಕ್ಸ್, ಮ್ಯಾಥ್ಸ್ ತಗೊಂಡು ಬಿಎಸ್ಸಿ ಮುಗಿಸಿದ್ದಾಳೆ. ಈ ಕೆಲಸದ ಪರೀಕ್ಷೆಗೆ ಕಟ್ಟುತ್ತಾಳಂತೆ. ನಿನ್ನೆ ರಾತ್ರಿ ಅವಳು ಕಂಟ್ರೋಲರ್, ನಾನು ಪೈಲಟ್. ಅವಳು ಹೇಳಿದ್ದನ್ನೆಲ್ಲ ತಿರುಗಿ ಹೇಳಿ, ಬೇಕಂತಲೇ "ಹೋಲ್ಡ್ ಶಾರ್ಟ್" ಬಿಟ್ಟೆ. ಮೊದಲ ಸಲ ಅವಳಿಗೆ ಗೊತ್ತಾಗಲಿಲ್ಲ. ಎರಡನೇ ಸಲ ಕೈ ಎತ್ತಿ ನನ್ನನ್ನು ತಡೆದಳು.