ರಿಲೀವಿಂಗ್ ಬೋಗಿ ನಿಜವಾಗಿ ಭಾರ ಹೊತ್ತಾಗ: ನನ್ನ ಅನುಭವ

ರ‍್ಯಾನ್ಸಮ್ಸ್ ಅಂಡ್ ರೇಪಿಯರ್ ಕಂಪನಿಯ 45 ಟನ್ ರೈಲ್ವೆ ಉಗಿ ಕ್ರೇನಿನ ಮಾದರಿಯನ್ನು ಓಓ ಅಳತೆಯಲ್ಲಿ (ನಿಜ ಗಾತ್ರದ ಸುಮಾರು 76ನೇ ಒಂದು ಪಾಲು) ಮಾಡುತ್ತೇನೆ, ಅದರ ರಿಲೀವಿಂಗ್ ಬೋಗಿಗಳು (ಕ್ರೇನಿನ ಭಾರ ಹಂಚಿಕೊಳ್ಳುವ ಪುಟ್ಟ ಗಾಲಿಬಂಡಿಗಳು) ನಿಜವಾಗಿಯೂ ಭಾರ ಹೊರುತ್ತವೆ ಎಂದಾಗ ನಮ್ಮ ಮಾದರಿ ರೈಲು ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ‘ಸುಮ್ಮನೆ ತಗುಲಿಹಾಕಿ, ಜೊತೆಗೆ ಉರುಳಿಕೊಂಡು ಬರಲಿ’ ಎಂದರು. ಈಗ ಅದು ಎರಡಡಿ ತ್ರಿಜ್ಯದ ತಿರುವಿನಲ್ಲೂ ಪಾಯಿಂಟ್‌ಗಳ (ಹಳಿ ಕವಲೊಡೆಯುವ ಜಾಗಗಳ) ಮೇಲೂ ಹಳಿ ತಪ್ಪದೆ ಓಡುತ್ತಿದೆ.

ಬೋಗಿ ಭಾರ ಹೊರದಿದ್ದರೆ ಈ ಕ್ರೇನ್ ಮಾಡುವುದರಲ್ಲಿ ಅರ್ಥವೇ ಇಲ್ಲ. ಬ್ರಿಟನ್ನಿನ ಹಳಿ, ಸೇತುವೆಗಳಿಗೆ ಅಚ್ಚುಭಾರದ, ಅಂದರೆ ಒಂದೊಂದು ಜೋಡಿ ಗಾಲಿಯ ಮೇಲೆ ಬೀಳುವ ಭಾರದ, ಮಿತಿಯಿತ್ತು. ಕ್ರೇನಿನ ಎರಡೂ ತುದಿಗೆ ಬಿಡಿ ಬೋಗಿ ಜೋಡಿಸಿ, ಸಾಗುವಾಗ ಒಂದಷ್ಟು ಭಾರವನ್ನು ಅವುಗಳ ಮೇಲೆ ಹೊರಿಸಿ, ಸ್ಥಳ ತಲುಪಿದ ಮೇಲೆ ಕಳಚಿಡುವ ಉಪಾಯ ಅದೇ ಕಂಪನಿಯ ವಿಲ್‌ಫ್ರೆಡ್ ಸ್ಟೋಕ್ಸ್ ಅವರದು. ಮೊದಲ ಮಹಾಯುದ್ಧದ ಸ್ಟೋಕ್ಸ್ ಮಾರ್ಟರ್ ಎಂಬ ಗುಂಡು ಹಾರಿಸುವ ಕಿರುಫಿರಂಗಿ ಕೂಡ ಅವರದೇ.

ಬೋಗಿಗಳ ಮೇಲೆ ಭಾರ ಒತ್ತಲು ಮೊದಲು ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿದೆ. ಅದು ಬಲು ಗಡುಸು. ಹಳಿಯಲ್ಲಿ ಸ್ವಲ್ಪ ಉಬ್ಬು ಸಿಕ್ಕರೂ ಕ್ರೇನಿನ ಗಾಲಿಗಳು ಗಾಳಿಯಲ್ಲಿ ನಿಲ್ಲುತ್ತಿದ್ದವು. ಬೋಗಿಯನ್ನು ಕ್ರೇನಿಗೆ ಸೇರಿಸುವ ಪ್ಲಾಸ್ಟಿಕ್ ತೋಳುಗಳು ಏಪ್ರಿಲ್ ಬಿಸಿಲಿಗೆ ಬಾಗಿದವು. ಹಿತ್ತಾಳೆ ತಗಡಿನಲ್ಲಿ ಮತ್ತೆ ಕತ್ತರಿಸಿದೆ. ತಗಡಿಗೇ ಎಂಟುನೂರು ರೂಪಾಯಿಯಷ್ಟು ಹೋಯಿತು. ಕೊನೆಗೆ ಕೈಹಿಡಿದದ್ದು ಗಿಟಾರ್ ತಂತಿ. ಯಾವ ತಂತಿ, ಎಲ್ಲಿ ಬಗ್ಗಿಸಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಚಿನ್ನ ತೂಗುವ ಪುಟ್ಟ ತಕ್ಕಡಿಯನ್ನು ಹಳಿಯ ಮಟ್ಟಕ್ಕೆ ಕೂರಿಸಿ, ಬೋಗಿಯನ್ನು ಮಾತ್ರ ಅದರ ಮೇಲೆ ನಿಲ್ಲಿಸಿ, ತಂತಿಯ ಒತ್ತಡ ಹೊಂದಿಸುವ ತಿರುಪನ್ನು ಕಾಲು ಸುತ್ತಿನಂತೆ ಬಿಗಿಮಾಡುತ್ತಾ ಹೋದೆ. ಒಟ್ಟು ಸುಮಾರು 300 ಗ್ರಾಂ ತೂಕದಲ್ಲಿ ಒಂದೊಂದು ಬೋಗಿಗೆ 60 ಗ್ರಾಂ ಆಸುಪಾಸು ಬಂದಾಗ ಓಟ ನೆಟ್ಟಗಾಯಿತು. ಅದಕ್ಕಿಂತ ಹೆಚ್ಚಿಸಿದರೆ ನಡುವಿನ ಗಾಲಿಗಳು ಹಗುರಾಗಿ ಪಾಯಿಂಟ್‌ನಲ್ಲಿ ಹಳಿಯ ಮೇಲೆ ಹತ್ತಿ ಹಳಿ ತಪ್ಪುತ್ತವೆ.

ಒಟ್ಟು ಖರ್ಚು ಆರು ಸಾವಿರದೊಳಗೆ. ಮಾದರಿ ರೈಲು ತಯಾರಿಸುವ ಬ್ಯಾಕ್‌ಮನ್ ಕಂಪನಿಯ ಸಿದ್ಧ ಮಾದರಿಯನ್ನು ಸುಂಕ, ಸಾಗಣೆ ಕೊಟ್ಟು ತರಿಸಿದರೆ ಇದರ ಹಲವು ಪಟ್ಟು ಆಗುತ್ತದೆ.

ನಡುವೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎನ್20 ಎಂಬ ಪುಟ್ಟ ಗೇರ್ ಮೋಟಾರ್ ತಂದು ಎತ್ತುವ ಕೆಲಸಕ್ಕೂ ಹಚ್ಚಿದೆ. ಮೀನಿನ ಗಾಳದ ನೈಲಾನ್ ದಾರ ಸುರುಳಿ ಬಿಡಲೇ ಇಲ್ಲ. ಮೇಣ ಸವರಿದ ರೇಷ್ಮೆ ನೂಲು ಕೊಕ್ಕೆಯ ಭಾರಕ್ಕೇ ನೇರ ನಿಲ್ಲುತ್ತದೆ. ಟೈರ್ ಅಂಗಡಿಯ ಸೀಸದ ತುಂಡುಗಳನ್ನು ಬಾಯ್ಲರಿನ ಹಿಂದೆ ತುಂಬಿದ್ದೇನೆ. ಬೋಗಿ ಕಳಚಿ, ಅಡ್ಡ ತೊಲೆಗಳನ್ನು ಚಾಚಿ, ಕೆಳಗೆ ಮರದ ತುಂಡು ಕೊಟ್ಟರೆ ಖಾಲಿ ಗೂಡ್ಸ್ ವ್ಯಾಗನ್ನಿನ ಒಂದು ತುದಿಯನ್ನು ಆರಾಮವಾಗಿ ಎತ್ತುತ್ತದೆ. ಇಡೀ ವ್ಯಾಗನ್ ಎತ್ತಿಸಲು ಇನ್ನೂ ಸೀಸ ಬೇಕು. ಆಗ ಬೋಗಿಗಳ ತೂಕವನ್ನು ಮೊದಲಿಂದ ಹೊಂದಿಸಬೇಕು. ಆ ಕೆಲಸ ಈಗ ಮೇಜಿನ ಮೇಲಿದೆ.