ಹಗ್ಗ ಎಳೆದರೂ ಏಳದ ಕಳೆ ಮೆಷಿನ್: ಟೂ ಸ್ಟ್ರೋಕಿನ ಹೊಟ್ಟೆ ನೋಡುವ ಬಗೆ
ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್ ಮುಗಿದು ಮಳೆ ಸ್ವಲ್ಪ ಹಿಂದೆಗೆದರೆ ಸಾಕು, ಸುಂಟಿಕೊಪ್ಪದ ನನ್ನ ಶೆಡ್ಡಿನ ಮುಂದೆ ಕಳೆ ಹೊಡೆಯುವ ಮೆಷಿನ್‌ಗಳ ಸಾಲು. "ಎಳೆದು ಎಳೆದು ರಟ್ಟೆ ಬಿದ್ದೋಯ್ತು, ಕಾರ್ಬುರೇಟರ್ ಬಿಚ್ಚಿ ನೋಡಿ ಅಣ್ಣಾ" ಅನ್ನುತ್ತಾರೆ. ನಾನು ಮೊದಲು ಬಿಚ್ಚುವುದು ಟ್ಯಾಂಕಿನ ಮುಚ್ಚಳ.

ಜೂನ್‌ನಲ್ಲಿ ತುಂಬಿಸಿಟ್ಟ ಪೆಟ್ರೋಲ್ ಅದರಲ್ಲೇ ಇರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಕುಡಿಯುತ್ತದೆ. ನಮ್ಮೂರ ಮಳೆಗಾಲದಲ್ಲಿ ಕೇಳಬೇಕೇ! ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ಚೆಲ್ಲಿಬಿಡಿ.

ಇನ್ನು ಪೆಟ್ರೋಲ್ ಹೋಗುವ ದಾರಿ. ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕಾರಿನಂಥ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ನೇ ಬಾಗಿಲು. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಮುಚ್ಚಿದ ಕೋಣೆ, ಅಂದರೆ ಕ್ರ್ಯಾಂಕ್‌ಕೇಸ್, ಉಸಿರು ಎಳೆದುಕೊಳ್ಳುತ್ತದೆ. ಗಾಳಿ ಫಿಲ್ಟರ್ ದಾಟಿ, ಕಾರ್ಬುರೇಟರಿನ ಕಿರುಗಂಟಲಲ್ಲಿ ಪೆಟ್ರೋಲ್ ಸೇರಿಸಿಕೊಂಡು ಈ ಹೊಟ್ಟೆಗೆ ಬರುತ್ತದೆ. ಮೇಲೆ ಕಿಡಿ ಹೊತ್ತಿ ಪಿಸ್ಟನ್ ಇಳಿಯುವಾಗ ಹೊಟ್ಟೆಯಲ್ಲಿದ್ದದ್ದು ಒತ್ತಿಹೋಗುತ್ತದೆ. ಮೊದಲು ಎಕ್ಸಾಸ್ಟ್ ಕಿಂಡಿ ತೆರೆದು ಹೊಗೆ ಹೊರಡುತ್ತದೆ. ಇನ್ನೊಂಚೂರು ಇಳಿದರೆ ಟ್ರಾನ್ಸ್‌ಫರ್ ಕಿಂಡಿ; ಹೊಸ ಮಿಶ್ರಣ ಮೇಲೆ ನುಗ್ಗಿ ಉಳಿದ ಹೊಗೆಯನ್ನು ದೂಡುತ್ತದೆ. ದೂಡುವ ಭರದಲ್ಲಿ ತಾನೂ ಒಂದಿಷ್ಟು ಹೊರಗೆ ಹೋಗುತ್ತದೆ. ಈ ಮೆಷಿನ್ ಪೆಟ್ರೋಲ್ ಕುಡಿಯುವುದು ಅದಕ್ಕೇ.

ಹತ್ತು ಸಲ ಹಗ್ಗ ಎಳೆದು, ಕಿಡಿ ಕೊಡುವ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಟ್ಯಾಂಕಿನೊಳಗಿನ ಫಿಲ್ಟರನ್ನು ಬಗ್ಗಿಸಿದ ತಂತಿಯಿಂದ ಎಳೆದು ನೋಡಿ, ಪೈಪ್ ಬಿರಿದಿದೆಯಾ ನೋಡಿ, ಆಮೇಲೆ ಕಾರ್ಬುರೇಟರಿನ ಡಯಾಫ್ರಾಂ. ಆ ತೆಳು ಹಾಳೆ ಕ್ರ್ಯಾಂಕ್‌ಕೇಸಿನ ಉಸಿರಿಗೇ ಬಡಿಯುತ್ತಾ ಪೆಟ್ರೋಲ್ ಎತ್ತುವುದು, ಗಟ್ಟಿಯಾದರೆ ಬಡಿಯದು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ: ಸ್ವಿಚ್ ಆಫ್ ಮಾಡಿ, ಚೋಕ್ ತೆರೆದು, ಪ್ಲಗ್ ಇಲ್ಲದೆ ಹಗ್ಗ ಎಳೆದು ಒಳಗಿನದನ್ನು ಕಕ್ಕಿಸಿ. ಬೀಡಿ ದೂರ ಇರಲಿ. ಸ್ಟಾರ್ಟ್ ಆಗಿಯೂ ದಮ್ಮಿಲ್ಲವೆಂದರೆ ಸೈಲೆನ್ಸರ್ ಜಾಲರಿಯ ಮಸಿ ಕೆರೆಯಿರಿ.

ನಾನೇ ಮೋಸಹೋದದ್ದು ಬೇರೆ ಕಡೆ. ನನ್ನ ಸ್ವಂತ ಮೆಷಿನ್ ಆಕ್ಸಿಲೇಟರ್ ಬಿಟ್ಟರೂ ಕಿರುಚುತ್ತಿತ್ತು. ಎರಡು ದಿನ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದೆ. ಮೂರನೇ ದಿನ ಜಾಮ್. ಬಿಚ್ಚಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಉಗುರಿನಿಂದ ಪರಚಿದಂಥ ಗೆರೆಗಳು. ಫ್ಲೈವೀಲ್ ಹಿಂದಿನ ಆಯಿಲ್ ಸೀಲ್, ಅಂದರೆ ಶಾಫ್ಟಿನ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ, ಹರಿದು ಹೊಟ್ಟೆ ಕಳ್ಳಗಾಳಿ ಎಳೆಯುತ್ತಿತ್ತು. ಪೆಟ್ರೋಲ್ ಕಮ್ಮಿ, ಅದರ ಜೊತೆ ಬರುವ ಆಯಿಲೂ ಕಮ್ಮಿ. ಈಗ ಅನುಮಾನ ಬಂದರೆ ಫ್ಲೈವೀಲ್ ಕಳಚಿ, ಕಾರ್ಬುರೇಟರ್, ಸೈಲೆನ್ಸರ್ ಕೂರುವ ಎರಡೂ ಕಿಂಡಿಗೆ ಹಳೇ ಟ್ಯೂಬಿನ ರಬ್ಬರ್ ಬಿಗಿದು, ಪ್ಲಗ್ ತೂತಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಸೀಲಿಗೆ ಸೋಪಿನ ನೀರು ಹಚ್ಚುತ್ತೇನೆ. ಗುಳ್ಳೆ ಎದ್ದರೆ ಸೀಲ್ ಬದಲು.

ಆಯಿಲ್ ಕಣ್ಣಂದಾಜಿಗೆ ಸುರಿಯಬೇಡಿ. ಅಪ್ಪನ ಕಾಲದ ಮೈಸೂರು ಯೆಜ್ಡಿ ಬೈಕಿನಂತೆ ಇದಕ್ಕೂ ಪೆಟ್ರೋಲಿನಲ್ಲೇ ಬೆರೆಸಬೇಕು, ಬೇರಿಂಗಿಗೆ ಆಯಿಲ್ ತಲುಪಲು ಬೇರೆ ದಾರಿಯಿಲ್ಲ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಎಂಎಲ್, 25:1 ಎಂದಿದ್ದರೆ 40. ನಾನು ಅಳೆಯುವುದು ಮಗಳ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ.